ರೋಸಿಯ ಊರು ಯಾವುದು?

ನಮ್ಮ ಬಸವೇಶ್ವರನಗರದಲ್ಲಿ ಲ್ಯಾಬ್ರಡಾರ್ ಸಾಕುವವರಿದ್ದಾರೆ, ಗಿಳಿ ಸಾಕುವವರಿದ್ದಾರೆ, ಮಹಡಿ ಮೇಲೆ ಪಾರಿವಾಳ ಸಾಕಿ ಅಕ್ಕಪಕ್ಕದವರ ಹತ್ತಿರ ಬೈಸಿಕೊಳ್ಳುವವರೂ ಇದ್ದಾರೆ. ಜೇಡ ಸಾಕುವ ಮನೆ ಮಾತ್ರ ನನಗೆ ಗೊತ್ತಿದ್ದ ಹಾಗೆ ಒಂದೇ. ನಮ್ಮ ಹಿಂದಿನ ರಸ್ತೆಯಲ್ಲಿದೆ. ಆ ಮನೆಯ ಹುಡುಗ ವಿಜಯನಗರದ ಕಾಲೇಜೊಂದರಲ್ಲಿ ಪಿಯುಸಿ ಓದುತ್ತಾನೆ. ಜೇಡದ ಹೆಸರು ರೋಸಿ. ನಗಬೇಡಿ, ಅವನ ಅಜ್ಜಿ ಕೂಡ ಅದನ್ನು ಹಾಗೇ ಕರೆಯೋದು. "ರೋಸಿಗೆ ಇವತ್ತು ಊಟ ಆಯ್ತೇನೋ?" ಅಂತ.

ರೋಸಿ ಅಂತ ಹೆಸರು ಬಂದಿದ್ದಕ್ಕೆ ಕಾರಣ ಅದರ ಡಬ್ಬಿಯ ಮೇಲಿದ್ದ ಚೀಟಿ. "ಚಿಲಿಯನ್ ರೋಸ್" ಅಂತ ಬರೆದಿತ್ತು. ಮಾರಿದವನು ಹೇಳಿದ್ದು: ಇದು ದಕ್ಷಿಣ ಅಮೆರಿಕದ ಚಿಲಿ ದೇಶದ ಜೇಡ, ಬಹಳ ಸಾಧು, ಕೈಮೇಲೆ ಬಿಟ್ಟುಕೊಳ್ಳಬಹುದು, ಹೆಣ್ಣಾದರೆ ಇಪ್ಪತ್ತು ವರ್ಷ ಬದುಕುತ್ತೆ. ಚಿಲಿಯನ್ ರೋಸ್ ವಿಷಯದಲ್ಲಿ ಇದೆಲ್ಲ ಸುಮಾರಾಗಿ ನಿಜವೇ. ಗ್ರಾಮೋಸ್ಟೋಲಾ ರೋಸಿಯಾ ಅಂತ ಅದರ ವೈಜ್ಞಾನಿಕ ಹೆಸರು. ಮೊದಲ ಸಲ ಟರಾಂಟುಲಾ ಸಾಕುವವರಲ್ಲಿ ಬಹಳ ಜನ ಕೊಂಡಿರುವ ಜೇಡ ಇದು. ಪ್ರಶ್ನೆ ಇದ್ದದ್ದು ಆ ಡಬ್ಬಿಯೊಳಗೆ ಕೂತಿರುವುದು ಅದೇನಾ ಅಂತ.

ಆ ಪ್ರಶ್ನೆ ನನ್ನ ಬಳಿ ಬಂದದ್ದು ಹುಡುಗನ ಅಪ್ಪನಿಂದ. ನಾನು ಜ್ಞಾನಭಾರತಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು ಅನ್ನೋದು ಬೀದಿಯವರಿಗೆಲ್ಲ ಗೊತ್ತು. ಮನೆಯೊಳಗೆ ಹಾವು ಬಂದರೂ ಹಲ್ಲಿ ಬಿದ್ದರೂ ನನಗೇ ಫೋನು! ಅವರು ಪೇಪರಿನಲ್ಲಿ ಹೊಸ ನಿಯಮದ ವಿಷಯ ಓದಿ ಗಾಬರಿಯಾಗಿದ್ದರು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ಆ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿ ಮನೆಯಲ್ಲಿದ್ದರೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. "ಸಾರ್, ನಮ್ಮ ಹುಡುಗನ ಜೇಡ ಆ ಲಿಸ್ಟಲ್ಲಿ ಇದೆಯೋ ಇಲ್ವೋ ಸ್ವಲ್ಪ ನೋಡಿ ಹೇಳ್ತೀರಾ?" ಅಂದರು.

ಲಿಸ್ಟು ನೋಡೋದು ಸುಲಭ. ಆದರೆ ಲಿಸ್ಟಿನಲ್ಲಿರೋದು ವೈಜ್ಞಾನಿಕ ಹೆಸರುಗಳು. ಮೆಕ್ಸಿಕೋದ ಬ್ರಾಕಿಪೆಲ್ಮಾ ಕುಲ ಇದೆ. ನಮ್ಮದೇ ಭಾರತ ಮತ್ತು ಶ್ರೀಲಂಕಾದ ಪೊಯಿಸಿಲೋಥೀರಿಯಾ ಕುಲ 2019ರಲ್ಲಿ ಸೇರಿತು. ಡಬ್ಬಿಯೊಳಗಿನ ಪ್ರಾಣಿಯ ಹೆಸರೇ ಖಾತ್ರಿಯಿಲ್ಲದೆ ಪಟ್ಟಿಯಲ್ಲಿ ಏನಂತ ಹುಡುಕೋದು? ಸರಿ, ಮೊದಲು ಜೇಡ ನೋಡೋಣ ಅಂತ ಹೋದೆ.

ಕಥೆಗೆ ಮುಂಚೆ ಒಂದು ಮಾತು. ಟರಾಂಟುಲಾ ಅನ್ನೋ ಹೆಸರೇ ಒಂದು ತಪ್ಪು ಚೀಟಿ. ಇಟಲಿಯ ತಾರಾಂತೋ ಅನ್ನುವ ಊರಿನ ಸುತ್ತಮುತ್ತ ಒಂದು ಜೇಡ ಇತ್ತು. ಅದು ಕಚ್ಚಿದರೆ ಹುಚ್ಚು ಹಿಡಿಯುತ್ತೆ, ಕುಣಿದು ಕುಣಿದು ಬೆವರಿದರೇ ವಾಸಿ ಅಂತ ಅಲ್ಲಿನವರು ನಂಬಿದ್ದರು. ಅಸಲಿಗೆ ಅದು ತೋಳಜೇಡದ ಜಾತಿಯದು. ಅದರ ಶಾಸ್ತ್ರೀಯ ಹೆಸರು ಇವತ್ತಿಗೂ ಲೈಕೋಸಾ ಟರಾಂಟುಲಾ. ಆಮೇಲೆ ಯುರೋಪಿನವರು ಅಮೆರಿಕಕ್ಕೆ ಹೋಗಿ ಅಂಗೈಯಗಲದ ಕೂದಲು ಜೇಡಗಳನ್ನು ನೋಡಿದಾಗ ಅದೇ ಹೆಸರನ್ನು ಇವಕ್ಕೆ ಅಂಟಿಸಿದರು. ಹೆಸರಿನ ನಿಜವಾದ ಒಡೆಯ ಇಟಲಿಯಲ್ಲೇ ಉಳಿದ, ಕೀರ್ತಿ ಮಾತ್ರ ಬೇರೆಯವರಿಗೆ ಹೋಯಿತು. ನಮ್ಮ ಕನ್ನಡದಲ್ಲಿ ಜೇಡ ಅಂದರೆ ನೇಯುವವನೂ ಹೌದು, ಜೇಡರ ದಾಸಿಮಯ್ಯನವರ ಹೆಸರಿನಲ್ಲಿರೋದು ಆ ಅರ್ಥವೇ. ಈ ಹೆಸರಾದರೂ ಕಸುಬು ನೋಡಿ ಇಟ್ಟದ್ದು.

ರೋಸಿಯ ವಿಷಯಕ್ಕೆ ಬರೋಣ. ಹುಡುಗನ ಕೋಣೆಯಲ್ಲಿ ಓದುವ ಮೇಜಿನ ಪಕ್ಕ ಗಾಜಿನ ತೊಟ್ಟಿ. ತಳದಲ್ಲಿ ನಾಲ್ಕು ಬೆರಳು ತೆಂಗಿನ ನಾರಿನ ಪುಡಿ, ಒಂದು ಒಡೆದ ಹೂಕುಂಡದ ಚೂರು, ನೀರಿಗೊಂದು ಬಾಟಲಿ ಮುಚ್ಚಳ. ಜೇಡ ಹೊರಗೆ ಕಾಣಲಿಲ್ಲ. ಕಂಡದ್ದು ಬಲೆ. ಕುಂಡದ ಚೂರಿನ ಬಾಯಿಂದ ಹಿಡಿದು ತೊಟ್ಟಿಯ ಅರ್ಧದವರೆಗೆ ದಪ್ಪ ಬಿಳಿ ಹಚ್ಚಡ ಹೊದಿಸಿದ ಹಾಗೆ ನೇಯ್ದುಬಿಟ್ಟಿತ್ತು.

ಅನುಮಾನ ಅಲ್ಲೇ ಶುರುವಾಯಿತು. ಚಿಲಿಯನ್ ರೋಸ್ ಇಷ್ಟು ನೇಯುವ ಜೇಡವಲ್ಲ. ಅದು ಸೋಮಾರಿ. ಬಟ್ಟಬಯಲಲ್ಲಿ ಕಲ್ಲಿನ ಹಾಗೆ ದಿನಗಟ್ಟಲೆ ಕೂತಿರುತ್ತೆ.

"ಇದು ಕೂದಲು ಉದುರಿಸುತ್ತಾ?" ಅಂತ ಕೇಳಿದೆ.

"ಇಲ್ಲ ಅಂಕಲ್. ಕೋಪ ಬಂದ್ರೆ ಮುಂದಿನ ಕಾಲು ಎತ್ಕೊಂಡು ನಿಲ್ಲುತ್ತೆ. ಮತ್ತೆ... ಅದೊಂಥರಾ ಶಬ್ದ ಮಾಡುತ್ತೆ."

"ಎಂಥ ಶಬ್ದ?"

"ಕುಕ್ಕರ್ ವಿಸಲ್ ಬರೋಕೆ ಮುಂಚೆ ಸ್ಸ್ ಅನ್ನಲ್ವಾ, ಹಂಗೆ."

ಇದನ್ನು ಕೇಳಿದ ಮೇಲೆ ನಾನು ಮೊದಲು ಕೇಳಿದ್ದು ಹೆಸರಿನ ವಿಷಯ ಅಲ್ಲ. "ಕೈಮೇಲೆ ಬಿಟ್ಕೋತೀಯಾ?" ಅಂತ. ಸಣ್ಣದಿದ್ದಾಗ ಎರಡು ಮೂರು ಸಲ ಬಿಟ್ಟುಕೊಂಡಿದ್ದನಂತೆ, ಈಗ ಬಿಡಲ್ಲವಂತೆ. ಆದರೆ ನೀರಿನ ಮುಚ್ಚಳ ತೆಗೆದು ತೊಳೆಯೋದು ಅಜ್ಜಿ! ಬರಿಗೈಯಲ್ಲಿ! "ಸಾಧು ಪ್ರಾಣಿ ಕಣಪ್ಪ ಅದು, ಅಂಗಡಿಯವನೇ ಹೇಳಿದಾನಂತಲ್ಲ" ಅಂದರು ಅಜ್ಜಿ. "ಅಮ್ಮಾ, ಇನ್ನು ಮುಂದೆ ದಯವಿಟ್ಟು ಕೈ ಹಾಕಬೇಡಿ" ಅಂದೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಯಾಕೆ ಅಷ್ಟು ಗಾಬರಿಪಟ್ಟೆ ಅಂತ ಹೇಳ್ತೀನಿ. ಟರಾಂಟುಲಾಗಳಲ್ಲಿ ದೊಡ್ಡದಾಗಿ ಎರಡು ಪಂಗಡ. ಅಮೆರಿಕ ಖಂಡಗಳ ಬಹುಪಾಲು ಜಾತಿಗಳಿಗೆ ಹೊಟ್ಟೆಯ ಮೇಲೆ ತುರಿಕೆ ಕೂದಲಿರುತ್ತೆ. ಹೆದರಿದಾಗ ಹಿಂಗಾಲಿನಿಂದ ಕೆರೆದು ಆ ಕೂದಲನ್ನು ಶತ್ರುವಿನ ಮುಖಕ್ಕೆ ಹಾರಿಸುತ್ತವೆ. ಕಣ್ಣಿಗೆ ಬಿದ್ದರೆ ಕಷ್ಟ, ಚರ್ಮಕ್ಕೆ ತಾಗಿದರೆ ತುರಿಕೆ. ಹೀಗೆ ಕೆರೆದು ಕೆರೆದು ಎಷ್ಟೋ ಜೇಡಗಳ ಹೊಟ್ಟೆಯ ಮೇಲೆ ಬೋಳು ತೇಪೆ ಆಗಿರುತ್ತೆ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ಆಯುಧ ಇಲ್ಲ. ಅವು ಓಡುತ್ತವೆ, ಇಲ್ಲ ಕಚ್ಚುತ್ತವೆ. ಅವುಗಳ ವಿಷವೂ ಸಾಮಾನ್ಯವಾಗಿ ಜೋರು. ಪೊಯಿಸಿಲೋಥೀರಿಯಾ ಕಚ್ಚಿದವರಿಗೆ ದಿನಗಟ್ಟಲೆ ಸ್ನಾಯು ಸೆಳೆತ ಬಂದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅಂದರೆ ಚೀಟಿ ತಪ್ಪಾದರೆ ಬರೀ ಹೆಸರು ತಪ್ಪಲ್ಲ. ಸಾಧು ಅಂತ ನಂಬಿ ಕೈ ಹಾಕುವ ಅಜ್ಜಿಯ ಲೆಕ್ಕವೂ ತಪ್ಪುತ್ತೆ.

ಉದ್ದನೆಯ ಪೇಂಟಿಂಗ್ ಬ್ರಷ್ಷಿನಿಂದ ಮೆಲ್ಲಗೆ ತಟ್ಟಿದಾಗ ರೋಸಿ ಹೊರಗೆ ಬಂತು. ಗಾಢ ಕಂದು ಬಣ್ಣ. ಚಿಲಿಯನ್ ರೋಸಿನ ಬೆನ್ನಿನ ಗುಲಾಬಿ ಮಿಂಚು ಇಲ್ಲ. ಬೋಳು ತೇಪೆಯೂ ಇಲ್ಲ. ಮುಂಗಾಲು ಎತ್ತಿ, ಕೋರೆ ತೋರಿಸಿ, ಅದು ನಿಜವಾಗಲೂ ಸ್ಸ್ ಅಂತು. ಅಷ್ಟು ಸಣ್ಣ ಪ್ರಾಣಿಯಿಂದ ಆ ಶಬ್ದ ಕೇಳೋದಿದೆಯಲ್ಲ, ರೋಮ ನಿಮಿರುತ್ತೆ. ಅಮೆರಿಕದ ಜೇಡ ಅಲ್ಲ ಅನ್ನೋದು ಬಹುಮಟ್ಟಿಗೆ ತೀರ್ಮಾನವಾಯಿತು.

ಹಾಗಾದರೆ ಪೊಯಿಸಿಲೋಥೀರಿಯಾ ಇರಬಹುದೇ? ಅದಾಗಿದ್ದರೆ ಅಪ್ಪನ ಚಿಂತೆ ನಿಜವಾಗುತ್ತಿತ್ತು. ಆದರೆ ಅದಲ್ಲ ಅಂತ ಹೇಳೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವು ಮರದ ಪೊಟರೆಯಲ್ಲಿರುವ ಚಪ್ಪಟೆ ಜೇಡಗಳು, ಮೈಮೇಲೆ ರಂಗೋಲಿ ಬಿಡಿಸಿದ ಹಾಗೆ ಬೂದು, ಕಪ್ಪು, ಬಿಳಿ ಚಿತ್ತಾರ. ಹಲವು ಜಾತಿಗಳ ಮುಂಗಾಲಿನ ಅಡಿಭಾಗದಲ್ಲಿ ಎದ್ದುಕಾಣುವ ಹಳದಿ. ಅವನ್ನು ಗುರುತಿಸುವವರು ನೋಡುವುದೇ ಕಾಲಿನ ಕೆಳಗಿನ ಆ ಪಟ್ಟೆಗಳನ್ನು. ನಮ್ಮ ಕಡೆಯ ಒಂದು ಜಾತಿಗೆ, ಪೊಯಿಸಿಲೋಥೀರಿಯಾ ಸ್ಟ್ರಯಾಟಾಕ್ಕೆ, ಹೊರದೇಶದ ಹವ್ಯಾಸಿಗಳು "ಮೈಸೂರ್ ಆರ್ನಮೆಂಟಲ್" ಅಂತಾರೆ. ಮೈಸೂರು ಪಾಕ್, ಮೈಸೂರು ಸಿಲ್ಕ್ ಗೊತ್ತು, ಮೈಸೂರು ಜೇಡ ಇದೆ ಅಂತ ನಮ್ಮಲ್ಲೆಷ್ಟು ಜನಕ್ಕೆ ಗೊತ್ತು? ರೋಸಿಗೆ ಈ ಚಿತ್ತಾರ ಯಾವುದೂ ಇರಲಿಲ್ಲ.

ಮುಂದಿನ ಹೆಜ್ಜೆಗೆ ಕಾಯಬೇಕಾಯಿತು. ಜೀವಂತ ಜೇಡವನ್ನು ತಿರುಗಿಸಿ ಮುರುಗಿಸಿ ನೋಡೋದು ಅದಕ್ಕೂ ಒಳ್ಳೆಯದಲ್ಲ, ನಮಗೂ ಅಲ್ಲ. ಆದರೆ ಟರಾಂಟುಲಾ ಪೊರೆ ಬಿಡುತ್ತೆ. ಕಾಲು, ಕೋರೆ, ಕಣ್ಣಿನ ಮುಚ್ಚಳದ ಸಮೇತ ಹಳೇ ಅಂಗಿ ಪೂರ್ತಿ ಕಳಚಿಟ್ಟು ಹೊರಗೆ ಬರುತ್ತೆ. ಆ ಅಂಗಿಯಲ್ಲಿ ಎಲ್ಲ ದಾಖಲೆಗಳೂ ಇರುತ್ತವೆ. "ಪೊರೆ ಬಿಟ್ಟಾಗ ಮುಟ್ಟದೆ ಹಂಗೇ ಇಟ್ಟಿರು" ಅಂತ ಹುಡುಗನಿಗೆ ಹೇಳಿ ಬಂದೆ. ಅಷ್ಟರಲ್ಲಿ ರೋಸಿ ಊಟ ಬಿಟ್ಟಿತು. ಜಿರಳೆ ಹಾಕಿದರೆ ತಿರುಗಿಯೂ ನೋಡಲಿಲ್ಲ. ಅಜ್ಜಿ "ಅದಕ್ಕೆ ಬೇಜಾರಾಗಿದೆ, ನಾನು ನೀರು ಇಡ್ತಿಲ್ಲ ಅಂತ" ಅಂದರಂತೆ. ಐದು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು, "ಅಂಕಲ್, ಬಟ್ಟೆ ಬಿಚ್ಚಿಟ್ಟಿದೆ!"

ಪೊರೆಯನ್ನು ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿದೆವು. ಮೆತ್ತಗಾದ ಮೇಲೆ ಚಿಮಟದಿಂದ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಮೊದಲು ಹೊಟ್ಟೆಯ ಒಳಭಾಗ. ಹೆಣ್ಣಾದರೆ ವೀರ್ಯ ಕೂಡಿಡುವ ಪುಟ್ಟ ಚೀಲಗಳ ಗುರುತು ಪೊರೆಯಲ್ಲೂ ಉಳಿಯುತ್ತೆ. ಉಳಿದಿತ್ತು. ಹೆಸರಿನಲ್ಲಿ ಅಷ್ಟಾದರೂ ಸರಿಯಾಯಿತು, ರೋಸಿ ಹೆಣ್ಣೇ.

ಆಮೇಲೆ ಬಾಯಿಯ ಪಕ್ಕ. ಸ್ಸ್ ಶಬ್ದದ ಗುಟ್ಟು ಅಲ್ಲಿತ್ತು. ಕೋರೆಯ ಬುಡದ ಹೊರಮಗ್ಗುಲಲ್ಲಿ ಗಟ್ಟಿ ಕೂದಲುಗಳು. ಅದಕ್ಕೆ ಎದುರಾಗಿ, ಬಾಯಿಯ ಇಕ್ಕೆಲದ ಹಲಗೆಯ ಒಳಮೈಯಲ್ಲಿ, ಹುಟ್ಟುಗೋಲಿನ ಆಕಾರದ ಕೂದಲುಗಳು ಒತ್ತಾಗಿ ಸಾಲುಗಟ್ಟಿವೆ. ಒಂದಕ್ಕೊಂದು ಉಜ್ಜಿದರೆ ಪಿಟೀಲಿನ ಹಾಗೆ ಶಬ್ದ. ಇದಕ್ಕೆ ಶಾಸ್ತ್ರದಲ್ಲಿ "ಲೈರಾ" ಅಂತಲೇ ಹೆಸರು, ತಂತಿವಾದ್ಯದ ಹೆಸರು. ಹುಡುಗ ಕಣ್ಣು ತೆಗೆಯಲೇ ಇಲ್ಲ. "ಬಾಯಲ್ಲಿ ಪಿಟೀಲು ಇಟ್ಕೊಂಡಿದೆ ಅಂಕಲ್!" ಅಂದ.

ಇಂಥ ಪಿಟೀಲು ಇರೋದು ಸೆಲೆನೋಕಾಸ್ಮಿಯಿನೇ ಅನ್ನುವ ಉಪಕುಟುಂಬಕ್ಕೆ. ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಹರಡಿದ ಗುಂಪು. ಅದರಲ್ಲಿ ಭಾರತದ ಬಿಲಗಳಲ್ಲಿ ಹೆಚ್ಚಾಗಿ ಸಿಗೋದು ಚಿಲೋಬ್ರಾಕಿಸ್ ಕುಲ. ಈ ಜೇಡಗಳ ಸದ್ದು ವಿಜ್ಞಾನಕ್ಕೆ ಗೊತ್ತಾದದ್ದೂ ನಮ್ಮ ದೇಶದಲ್ಲೇ. ಕಲ್ಕತ್ತೆಯ ಮ್ಯೂಸಿಯಂನಲ್ಲಿದ್ದ ಜೇಮ್ಸ್ ವುಡ್-ಮೇಸನ್ ಅಸ್ಸಾಮಿನ ಒಂದು ಜೇಡಕ್ಕೆ 1877ರಲ್ಲಿ "ಸ್ಟ್ರಿಡ್ಯುಲನ್ಸ್", ಅಂದರೆ ಸದ್ದು ಮಾಡುವುದು, ಅಂತಲೇ ಹೆಸರಿಟ್ಟ. ಅದು ಈಗ ಚಿಲೋಬ್ರಾಕಿಸ್ ಸ್ಟ್ರಿಡ್ಯುಲನ್ಸ್. ಪುಸ್ತಕದ ಲಕ್ಷಣಗಳನ್ನು ಒಂದೊಂದಾಗಿ ತಾಳೆ ನೋಡಿದೆವು. ದಪ್ಪ ಬಲೆ, ಬಿಲ, ಕಂದು ಬಣ್ಣ, ಚುರುಕು ಓಟ, ಮುಂಗೋಪ, ಪಿಟೀಲು. ರೋಸಿ ಚಿಲೋಬ್ರಾಕಿಸ್.

ಅಂದರೆ ಚಿಲಿಯ ರೋಸಿ ಚಿಲಿಯದ್ದೇ ಅಲ್ಲ! ಚಿಲೋಬ್ರಾಕಿಸ್ ಅನ್ನೋದರಲ್ಲಿರೋ "ಚಿಲೋ"ಗೂ ಚಿಲಿ ದೇಶಕ್ಕೂ ಸಂಬಂಧ ಇಲ್ಲ, ಅದು ಗ್ರೀಕಿನಲ್ಲಿ ತುಟಿ. ಇದು ಬಹುಶಃ ನಮ್ಮದೇ ಯಾವುದೋ ಕಾಡಂಚಿನ ಮಣ್ಣುದಿಬ್ಬದಿಂದ ಯಾರೋ ಅಗೆದು ತಂದ ಜೇಡ. ಅದಕ್ಕೊಂದು ವಿದೇಶಿ ಹೆಸರು, ವಿದೇಶಿ ಬೆಲೆ. ನಮ್ಮಲ್ಲಿ ಬಟ್ಟೆಗೆ, ಬಿಸ್ಕತ್ತಿಗೆ ಫಾರಿನ್ ಹೆಸರು ಇಟ್ಟು ಮಾರೋದು ನೋಡಿದ್ದೆ. ಜೇಡಕ್ಕೂ ಇಟ್ಟಿದ್ದಾರೆ.

ಹುಡುಗನ ಮುಂದಿನ ಪ್ರಶ್ನೆ ನೇರವಾಗಿತ್ತು. "ಚಿಲೋಬ್ರಾಕಿಸ್‌ನಲ್ಲಿ ಯಾವುದು ಅಂಕಲ್?"

ಗೆಳೆಯರೇ, ಕಷ್ಟ ಇರೋದು ಇಲ್ಲಿ. ಭಾರತದ ಟರಾಂಟುಲಾಗಳಲ್ಲಿ ಬಹಳಷ್ಟಕ್ಕೆ ಹೆಸರಿಟ್ಟವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ರೆಜಿನಾಲ್ಡ್ ಪೋಕಾಕ್. 1895ರಿಂದ 1900ರ ಒಳಗೆ ಸಾಲುಸಾಲಾಗಿ ಇಟ್ಟ, ಅದೂ ಇಲ್ಲಿಂದ ಕಳಿಸಿದ ಒಂದೋ ಎರಡೋ ಸತ್ತ ಮಾದರಿಗಳನ್ನು ನೋಡಿ. ಎಷ್ಟೋ ಜಾತಿಗಳ ವರ್ಣನೆ ಬಹಳ ಚುಟುಕು. ಅಂಥ ಕಡೆ ಜಾತಿಯನ್ನು ಬೇರ್ಪಡಿಸಲು ಒಂದು ದೊಡ್ಡ ಆಧಾರ ಅಂದರೆ ಆ ಜೇಡ ಎಲ್ಲಿ ಸಿಕ್ಕಿತು ಅನ್ನೋದು. ಊರಿನ ಹೆಸರು. ರೋಸಿಯ ಚೀಟಿಯಲ್ಲಿ ಇಲ್ಲದೇ ಇದ್ದದ್ದು ಅದೊಂದೇ.

ಊರಿನ ಹೆಸರು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಬಳ್ಳಾರಿಯಿಂದ ಗುಂತಕಲ್ಲು ದಾಟಿದರೆ ಗುತ್ತಿ. 1899ರಲ್ಲಿ ಪೋಕಾಕ್ ಗುತ್ತಿಯಿಂದ ಬಂದ ಒಂದೇ ಒಂದು ಜೇಡ ನೋಡಿ ಪೊಯಿಸಿಲೋಥೀರಿಯಾ ಮೆಟಾಲಿಕಾ ಅಂತ ಹೆಸರಿಟ್ಟ. ನೀಲಮಣಿಯಂಥ ಬಣ್ಣದ ಜೇಡ. ಅದು ಸಿಕ್ಕಿದ್ದು ಗುತ್ತಿಯ ರೈಲ್ವೆ ಸೌದೆ ಯಾರ್ಡಿನಲ್ಲಿ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ನಂದ್ಯಾಲ, ಗಿದ್ದಲೂರು ನಡುವಿನ ಕಾಡಿನಲ್ಲಿ, ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ಆಚೆ. ಮೊದಲನೇದು ಸೌದೆಯ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿತ್ತು ಅನ್ನೋದು ಈಗಿನ ತಿಳಿವಳಿಕೆ. ಹೊರದೇಶಗಳಲ್ಲಿ ಇವತ್ತಿಗೂ ಅದನ್ನು "ಗೂಟಿ ಸಫೈರ್" ಅಂತಲೇ ಮಾರುತ್ತಾರೆ! ಟಿಕೆಟ್ಟಿಲ್ಲದ ಪ್ರಯಾಣಿಕನ ಹೆಸರಿಗೆ ಊರು ಅಂಟಿಕೊಂಡುಬಿಟ್ಟಿದೆ. ಅಷ್ಟರಲ್ಲಿ ಅದರ ನಿಜವಾದ ಕಾಡು ಕಡಿದು ಕಡಿದು ಸಣ್ಣದಾಗಿ, 2008ರಲ್ಲಿ ಅಳಿವಿನಂಚಿನ ಪಟ್ಟಿಯ ಅತಿ ಅಪಾಯದ ವರ್ಗಕ್ಕೆ ಸೇರಿತು.

ಮೆಕ್ಸಿಕೋದ ರೆಡ್ ನೀ ಕಥೆಯೂ ಇಂಥದ್ದೇ. ಸಿನಿಮಾಗಳಲ್ಲಿ ಬರುವ, ಮೊಣಕಾಲಿಗೆ ಕೇಸರಿ ಬಳಿದ ಜೇಡ ಅದು. ಎಷ್ಟೋ ದಶಕ ಅದನ್ನು ಬ್ರಾಕಿಪೆಲ್ಮಾ ಸ್ಮಿಥಿ ಅಂತ ಮಾರಿದರು, ಕೊಂಡರು, ಮರಿ ಮಾಡಿಸಿದರು. 2017ರಲ್ಲಿ ಮೆಂಡೋಸಾ ಮತ್ತು ಫ್ರಾಂಕೆ ಅನ್ನುವ ಮೆಕ್ಸಿಕೋದ ವಿಜ್ಞಾನಿಗಳು ಮೂಲ ಮಾದರಿಗಳನ್ನೂ ಡಿಎನ್‌ಎಯನ್ನೂ ಒಟ್ಟಿಗಿಟ್ಟು ನೋಡಿದಾಗ ಮನೆಮನೆಗಳಲ್ಲಿದ್ದ ಸ್ಮಿಥಿಗಳಲ್ಲಿ ಬಹುಪಾಲು ಬ್ರಾಕಿಪೆಲ್ಮಾ ಹಮೋರಿಯೈ ಅಂತ ಗೊತ್ತಾಯಿತು. ಬಾಲ್ಸಾಸ್ ನದಿಯ ಈಚೆ ಒಂದು, ಆಚೆ ಒಂದು. ಅಲ್ಲೂ ಅಷ್ಟೇ, ಕಾಡಿನಲ್ಲಿ ಹೆಸರು ಹೇಳೋದು ನದಿಯ ಯಾವ ದಡ ಅನ್ನೋದು. ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಮರಿ ಮಾಡಿಸಿದರೆ ಯಾವ ದಡಕ್ಕೂ ಸೇರದ ಮಕ್ಕಳು ಹುಟ್ಟುತ್ತವೆ.

ಅಂಗಡಿ ಬಿಡಿ, ಸರಕಾರದ ಕಡೆಯಿಂದಲೂ ಈ ಹೆಸರುಗಳ ಗೋಜಲು ತಪ್ಪಿದ್ದಲ್ಲ. 2021ರ ಜುಲೈನಲ್ಲಿ ಚೆನ್ನೈ ವಿಮಾನ ನಿಲ್ದಾಣದ ಕಸ್ಟಮ್ಸಿನವರು ಪೋಲೆಂಡಿನಿಂದ ಬಂದ ಅಂಚೆ ಪಾರ್ಸಲ್ ಬಿಚ್ಚಿದಾಗ 107 ಸಣ್ಣ ಡಬ್ಬಿಗಳಲ್ಲಿ 107 ಜೀವಂತ ಜೇಡಗಳು. ಹತ್ತಿ, ಬೆಳ್ಳಿ ಕಾಗದ ಸುತ್ತಿ ಕಳಿಸಿದ್ದರು. ತಜ್ಞರು ನೋಡಿ "ಫೋನೋಪೆಲ್ಮಾ ಮತ್ತು ಬ್ರಾಕಿಪೆಲ್ಮಾ ಇರಬಹುದು" ಅಂದರೆಂದು ಪತ್ರಿಕೆಗಳಲ್ಲಿ ಬಂತು. ಸರಿಯಾದ ಹೆಸರು ಅಫೋನೋಪೆಲ್ಮಾ. ಮೊದಲಿನ "ಅ" ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಜೇಡಗಳನ್ನು ಪೋಲೆಂಡಿಗೇ ವಾಪಸ್ ಕಳಿಸಲು ತೀರ್ಮಾನವಾಯಿತು. ಎಳೇ ಮರಿಗಳಲ್ಲಿ ಜಾತಿ ಹೇಳೋದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು, ಎಲ್ಲವೂ ಕಡಲೆಕಾಳಿಗೆ ಕಾಲು ಬಂದ ಹಾಗಿರುತ್ತವೆ. ರೋಸಿಯನ್ನು ಕೊಂಡದ್ದೂ ಹಾಗೆ ಸಣ್ಣದಿದ್ದಾಗಲೇ.

ಮತ್ತೆ ನಮ್ಮ ಬೀದಿಗೆ. ಕುಲ ಗೊತ್ತಾಯಿತು, ಊರು ಗೊತ್ತಾಗಲಿಲ್ಲ. ಹುಡುಗ ಮಾರಿದವನಿಗೆ ಮೆಸೇಜು ಹಾಕಿದ. ಎರಡು ಟಿಕ್ಕು ಬಂತು, ನೀಲಿಯಾಯಿತು, ಉತ್ತರ ಮಾತ್ರ ಬರಲಿಲ್ಲ.

"ಹಂಗಾದ್ರೆ ಕಾಡಿಗೆ ಬಿಟ್ಟುಬಿಡೋಣ್ವಾ?" ಅಂದರು ಅಪ್ಪ. ತುರಹಳ್ಳಿ ಕಾಡು ಇದೆ, ಜ್ಞಾನಭಾರತಿ ಇದೆ, ಕೆಂಗೇರಿ ಆಚೆ ಹೋದರೆ ಬೇಕಾದಷ್ಟು ಕುರುಚಲಿದೆ. ಕೇಳೋಕೆ ಒಳ್ಳೆಯ ಮಾತು. ಮಗನಿಗೂ ಒಂದು ಕ್ಷಣ ಅದು ಸರಿ ಅನ್ನಿಸಿತು, ಮುಖ ಸಣ್ಣದಾದರೂ. ಆದರೆ ಯಾವ ಕಾಡಿಗೆ? ಘಟ್ಟದ ಮಳೆಕಾಡಿನದಾಗಿದ್ದರೆ ತುರಹಳ್ಳಿಯ ಒಣ ಬಂಡೆಗಳ ನಡುವೆ ಎರಡು ಬೇಸಿಗೆ ತಡೆಯುತ್ತೋ ಇಲ್ಲವೋ. ಈಶಾನ್ಯದ್ದಾಗಿದ್ದರೆ? ಬದುಕಿದರೂ ತೊಂದರೆಯೇ. ಅಲ್ಲೇ ಬಿಲ ಮಾಡಿಕೊಂಡಿರುವ ಜೇಡಗಳ ನಡುವೆ ಹೊಸದೊಂದು, ಡಬ್ಬಿಯಿಂದ ತಂದ ಹುಳ-ರೋಗದ ಸಮೇತ. ನಾಳೆ ಯಾರೋ ಅದನ್ನು ಕಂಡು ತುರಹಳ್ಳಿಯಲ್ಲಿ ಈ ಜಾತಿ ಇದೆ ಅಂತ ಬರೆದಿಟ್ಟರೆ ಇನ್ನೊಂದು ಗುತ್ತಿ ಹುಟ್ಟುತ್ತೆ. ಒಂದು ಸುಳ್ಳು ಚೀಟಿ ಹರಿದು ಕಾಡಿಗೇ ಇನ್ನೊಂದು ಸುಳ್ಳು ಚೀಟಿ ಅಂಟಿಸಿದ ಹಾಗೆ. ಹೀಗಂತ ಹೇಳಿದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಂದ್ರೆ ಇದಕ್ಕೆ ಮನೆ ಇದೆ, ಆದ್ರೆ ವಾಪಸ್ ಹೋಗೋಕಾಗಲ್ಲ, ಅಲ್ವಾ ಅಂಕಲ್?"

ಹೌದಪ್ಪ ಅಂದೆ. ಅವನಿಗೆ ಎರಡು ವರ್ಷದಿಂದ ಅದು ರೋಸಿ. ಪರೀಕ್ಷೆಯ ರಾತ್ರಿಗಳಲ್ಲಿ ಅದು ನೇಯುವುದನ್ನು ನೋಡುತ್ತಾ ಓದಿದ್ದಾನೆ. ಚಿಲಿಯ ಭೂಪಟವನ್ನು ಗೋಡೆಗೆ ಅಂಟಿಸಿದ್ದ ಬೇರೆ! ಅಟಕಾಮಾ ಮರುಭೂಮಿಯ ಹೆಸರು ಬಾಯಿಪಾಠ. ಅವನಿಗೆ ಹೆಚ್ಚು ಚುಚ್ಚಿದ್ದು ದುಡ್ಡು ಹೋದದ್ದಲ್ಲ ಅಂತ ನನಗನ್ನಿಸಿತು. ಸಾಕಿದ ಪ್ರಾಣಿಯನ್ನು ಯಾರೋ ಕಾಡಿನಿಂದ ಕಿತ್ತು ತಂದಿದ್ದರು, ಆ ವ್ಯಾಪಾರದ ಕೊನೆಯ ಗಿರಾಕಿ ತಾನಾಗಿದ್ದ, ಅದೂ ಗೊತ್ತಿಲ್ಲದೆ. ಅವನ ಅಪ್ಪ ಸಮಾಧಾನ ಮಾಡಲು ಹೋದರು. ನಾನು ತಡೆದೆ. ಆ ಬೇಸರ ಒಳ್ಳೆಯದೇ.

ಕೊನೆಗೆ ಆದದ್ದಿಷ್ಟು. ಅಪ್ಪ ಮಗ ಇಬ್ಬರೂ ಕೂತು ಒಂದು ಕಾಗದ ಬರೆದರು. ಯಾವಾಗ ಕೊಂಡದ್ದು, ಏನಂತ ಹೇಳಿ ಮಾರಿದರು, ಈಗ ಏನು ಕಂಡುಬಂದಿದೆ, ಪೊರೆಯ ಫೋಟೋಗಳು. ಹೆಸರಿನ ಮುಂದೆ "ಚಿಲೋಬ್ರಾಕಿಸ್ ಕುಲ, ಜಾತಿ ನಿರ್ಧಾರವಾಗಿಲ್ಲ", ಮೂಲ ಸ್ಥಳದ ಮುಂದೆ "ಗೊತ್ತಿಲ್ಲ". ಮಲ್ಲೇಶ್ವರದ ಅರಣ್ಯ ಭವನಕ್ಕೆ ಅಪ್ಪನೇ ಹೋಗಿ ಕೊಟ್ಟು ಬಂದರು. ಮಗನ ಹವ್ಯಾಸ ಮುಚ್ಚಿಡೋಣ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಅದಕ್ಕೇ.

ತೊಟ್ಟಿಯೂ ಬದಲಾಯಿತು. ನಾಲ್ಕು ಬೆರಳಿನ ನಾರು ಹೋಗಿ ಒಂದು ಗೇಣು ಕೆಮ್ಮಣ್ಣು ಬಂತು. ಮುಚ್ಚಳಕ್ಕೆ ಚಿಲಕ. ನೀರು ಹಾಕಲು ಉದ್ದ ಕೊಳವೆಯ ಬಾಟಲಿ. ಮೂರನೇ ದಿನಕ್ಕೇ ರೋಸಿ ಮಣ್ಣಿನಲ್ಲಿ ಸೀದಾ ಕೆಳಗೆ ಬಿಲ ತೋಡಿ ಮಾಯವಾಯಿತು. ಈಗ ವಾರಕ್ಕೊಮ್ಮೆ ಕಂಡರೆ ಹೆಚ್ಚು. "ಮೊದಲು ಕಾಣ್ತಾನಾದ್ರೂ ಇತ್ತು" ಅಂತ ಅಜ್ಜಿಯ ತಕರಾರು.

ಇದನ್ನು ಬರೆದದ್ದಕ್ಕೆ ಒಂದೇ ಕಾರಣ. ನಿಮ್ಮ ಮನೆಯ ಹುಡುಗ ಹುಡುಗಿಯರೂ ಇಂಥ ಪ್ರಾಣಿ ಬೇಕು ಅಂತ ಹಟ ಹಿಡಿಯಬಹುದು. ಹಿಡಿದರೆ ಬೈಯಬೇಡಿ, ಹೆದರಬೇಡಿ. ಮಾರುವವನ ಹತ್ತಿರ ಎರಡೇ ಪ್ರಶ್ನೆ ಕೇಳಿ. ಇದರ ವೈಜ್ಞಾನಿಕ ಹೆಸರೇನು? ಇದು ಎಲ್ಲಿ ಹುಟ್ಟಿದ್ದು, ಅದಕ್ಕೆ ಕಾಗದ ಎಲ್ಲಿ? ಮೊದಲನೆಯದಕ್ಕೆ ಎಲ್ಲರೂ ಥಟ್ಟನೆ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು, ಮಕ್ಕಳನ್ನು ಕರೆದುಕೊಂಡು ಮಳೆಗಾಲದ ಒಂದು ಸಂಜೆ ಯಾವುದಾದರೂ ಮಣ್ಣುದಿಬ್ಬದ ಹತ್ತಿರ ಟಾರ್ಚು ಹಿಡಿದು ನಿಲ್ಲಿ. ಬಿಲದ ಬಾಯಲ್ಲಿ ಬಿಳಿ ಬಲೆಯ ಅಂಚು ಕಾಣಬಹುದು. ಅದೃಷ್ಟ ಇದ್ದರೆ ಎರಡು ಕಾಲು ಹೊರಗಿರುತ್ತವೆ. ದುಡ್ಡಿಲ್ಲ, ಚೀಟಿಯಿಲ್ಲ, ಊರಿನ ಹೆಸರು ಮಾತ್ರ ಪಕ್ಕಾ.